ಮೂತ್ರಪಿಂಡಗಳ ರಕ್ತಪ್ರವಾಹ: ಅಳೆಯುವ ಬಗೆ, ಅರಿಯುವ ಬಗೆ

ವಿಶ್ರಾಂತ ಸ್ಥಿತಿಯಲ್ಲಿರುವ ವಯಸ್ಕ ವ್ಯಕ್ತಿಯ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ದೇಹದ ಎಲ್ಲ ಭಾಗಗಳಿಗೂ ಕಳುಹಿಸುತ್ತದೆ. ಮಿದುಳು, ಯಕೃತ್ತು, ಸ್ನಾಯುಗಳು, ಚರ್ಮ, ಜೀರ್ಣಾಂಗಗಳು ಎಲ್ಲವೂ ಇದನ್ನು ಹಂಚಿಕೊಳ್ಳಬೇಕು. ಈ ಹಂಚಿಕೆಯಲ್ಲಿ ಮೂತ್ರಪಿಂಡಗಳಿಗೆ ದೊರೆಯುವ ಪಾಲು ಆಶ್ಚರ್ಯಕರವಾದುದು. ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಇರುವ ಈ ಜೋಡಿ ಅಂಗಗಳ ಒಟ್ಟು ತೂಕ ಸುಮಾರು 300 ಗ್ರಾಂ. ದೇಹದ ತೂಕದಲ್ಲಿ ಇದು ಶೇಕಡ ಅರ್ಧದಷ್ಟು ಮಾತ್ರ. ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು, ಎಂದರೆ ನಿಮಿಷಕ್ಕೆ 1ರಿಂದ 1.2 ಲೀಟರು ರಕ್ತ, ಇವುಗಳ ಮೂಲಕವೇ ಹರಿದುಹೋಗುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಮಿದುಳಿಗೂ ಇಷ್ಟು ರಕ್ತ ದೊರೆಯುವುದಿಲ್ಲ.

ಈ ಪ್ರವಾಹವು ಕುಗ್ಗಿದಾಗ ನೋವಾಗುವುದಿಲ್ಲ, ಜ್ವರ ಬರುವುದಿಲ್ಲ. ಅನೇಕ ವೇಳೆ ರೋಗಿಗೆ ಯಾವ ಸೂಚನೆಯೂ ದೊರೆಯುವುದಿಲ್ಲ. ಆದರೂ ಮೂತ್ರಪಿಂಡಗಳಿಗೆ ಒದಗುವ ಅನೇಕ ಅಪಾಯಗಳ ಮೊದಲ ಹಂತ ಇದೇ. ಈ ಹಂತದಲ್ಲಿಯೇ ಅದನ್ನು ಗುರುತಿಸಿದರೆ ಹಾನಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು. ಆದುದರಿಂದ ಈ ರಕ್ತಪ್ರವಾಹವನ್ನು ವಿಜ್ಞಾನಿಗಳು ಹೇಗೆ ಅಳೆದರು, ವೈದ್ಯರು ಇಂದು ಅದನ್ನು ಹೇಗೆ ತಿಳಿಯುತ್ತಾರೆ, ನಮ್ಮ ದಿನನಿತ್ಯದ ನಡವಳಿಕೆಯಿಂದ ಅದು ಹೇಗೆ ಏರುಪೇರಾಗುತ್ತದೆ ಎಂಬುದನ್ನು ಸಾಮಾನ್ಯ ಜನರೂ ತಿಳಿದಿರುವುದು ಅವಶ್ಯಕ.

ಇಷ್ಟೊಂದು ರಕ್ತ ಏಕೆ?

ಒಂದು ಅಂಗಕ್ಕೆ ಹೆಚ್ಚು ರಕ್ತ ಬೇಕಾಗಿದ್ದರೆ ಅದು ಹೆಚ್ಚು ಆಮ್ಲಜನಕವನ್ನು ಬಳಸುತ್ತಿರಬೇಕೆಂದು ನಾವು ಸಹಜವಾಗಿ ಊಹಿಸುತ್ತೇವೆ. ಹೃದಯದ ಸ್ನಾಯುವಿನ ವಿಷಯದಲ್ಲಿ ಇದು ನಿಜ. ತನಗೆ ಬಂದ ರಕ್ತದಲ್ಲಿರುವ ಆಮ್ಲಜನಕದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಅದು ಹೀರಿಕೊಳ್ಳುತ್ತದೆ. ಮೂತ್ರಪಿಂಡಗಳಾದರೋ ತಮಗೆ ಬಂದ ಆಮ್ಲಜನಕದಲ್ಲಿ ಅಲ್ಪ ಭಾಗವನ್ನು ಮಾತ್ರ ಬಳಸಿ, ಉಳಿದುದನ್ನು ಹಾಗೆಯೇ ಹಿಂದಿರುಗಿಸುತ್ತವೆ. ಅಲ್ಲಿಗೆ ಹರಿಯುವ ರಕ್ತ ಮುಖ್ಯವಾಗಿ ಆ ಅಂಗದ ಪೋಷಣೆಗಾಗಿ ಅಲ್ಲ, ತಾನೇ ಶುದ್ಧವಾಗುವುದಕ್ಕಾಗಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಹಾಪಧಮನಿಯಿಂದ ಕವಲೊಡೆದ ಅಪಧಮನಿಯೊಂದು ಪ್ರತಿಯೊಂದು ಮೂತ್ರಪಿಂಡವನ್ನೂ ಪ್ರವೇಶಿಸಿ, ಮತ್ತೆ ಮತ್ತೆ ಕವಲೊಡೆಯುತ್ತ ಕೊನೆಗೆ ಅತಿ ಸಣ್ಣ ಕಿರುಧಮನಿಗಳಾಗುತ್ತದೆ. ಒಂದೊಂದು ಕಿರುಧಮನಿಯೂ ಲೋಮನಾಳಗಳ ಒಂದು ಪುಟ್ಟ ಗೊಂಚಲಾಗಿ ಸುತ್ತಿಕೊಳ್ಳುತ್ತದೆ. ಈ ಗೊಂಚಲಿಗೆ ಗ್ಲೊಮೆರ್ಯುಲಸ್ ಎಂದು ಹೆಸರು. ರಕ್ತದಲ್ಲಿರುವ ನೀರು, ಲವಣಗಳು, ಸಕ್ಕರೆ ಮತ್ತು ಕಶ್ಮಲಗಳು ಗೊಂಚಲಿನ ಗೋಡೆಗಳ ಮೂಲಕ ಸೋಸಿ, ಅದನ್ನು ಸುತ್ತುವರಿದಿರುವ ಬಟ್ಟಲಿನಂತಹ ಕೋಶಕ್ಕೆ ಇಳಿಯುತ್ತವೆ. ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನುಗಳು ರಕ್ತದಲ್ಲಿಯೇ ಉಳಿಯುತ್ತವೆ. ಸೋಸಿದ ದ್ರವವು ಉದ್ದವಾದ ಸೂಕ್ಷ್ಮನಳಿಕೆಯಲ್ಲಿ ಸಾಗುವಾಗ ದೇಹಕ್ಕೆ ಬೇಕಾದುದೆಲ್ಲ ಮತ್ತೆ ರಕ್ತಕ್ಕೆ ಸೇರುತ್ತದೆ, ಬೇಡವಾದುದು ಮೂತ್ರವಾಗುತ್ತದೆ. ಗೊಂಚಲು, ಬಟ್ಟಲು ಮತ್ತು ನಳಿಕೆ ಇವು ಸೇರಿದ ಘಟಕವೇ ನೆಫ್ರಾನ್. ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ.

ಇಲ್ಲಿ ಒಂದು ವಿಶೇಷವಿದೆ. ದೇಹದ ಬೇರೆಡೆಗಳಲ್ಲಿ ಲೋಮನಾಳಗಳಿಂದ ಹೊರಬಂದ ರಕ್ತವು ನೇರವಾಗಿ ಅಭಿಧಮನಿಯನ್ನು ಸೇರುತ್ತದೆ. ಮೂತ್ರಪಿಂಡದಲ್ಲಿ ಗೊಂಚಲಿನಿಂದ ಹೊರಬಂದ ರಕ್ತ ಮತ್ತೊಂದು ಕಿರುಧಮನಿಯ ಮೂಲಕ ಸಾಗಿ, ನಳಿಕೆಗಳನ್ನು ಸುತ್ತಿಕೊಂಡಿರುವ ಎರಡನೆಯ ಲೋಮನಾಳ ಜಾಲವನ್ನು ಪ್ರವೇಶಿಸುತ್ತದೆ. ಹೀಗೆ ಗೊಂಚಲಿನ ಮುಂದೆ ಒಂದು, ಹಿಂದೆ ಒಂದು, ಎರಡು ಕಿರುಧಮನಿಗಳಿರುವುದರಿಂದ, ಕಾಲುವೆಗೆ ಎರಡು ತೂಬುಗಳಿದ್ದಂತೆ, ಒಳಬರುವ ರಕ್ತವನ್ನೂ ಗೊಂಚಲಿನೊಳಗಿನ ಒತ್ತಡವನ್ನೂ ಬೇರೆ ಬೇರೆಯಾಗಿ ನಿಯಂತ್ರಿಸುವುದು ಸಾಧ್ಯವಾಗಿದೆ. ಮುಂದಿನ ವಿವರಣೆಗೆ ಈ ಎರಡು ತೂಬುಗಳನ್ನು ನೆನಪಿನಲ್ಲಿಡಬೇಕು.

ಆರೋಗ್ಯವಂತ ಯುವಕನಲ್ಲಿ ನಿಮಿಷಕ್ಕೆ ಸುಮಾರು 125 ಮಿ.ಲೀ., ದಿನಕ್ಕೆ ಸುಮಾರು 180 ಲೀಟರು ದ್ರವ ಹೀಗೆ ಸೋಸಲ್ಪಡುತ್ತದೆ. ದೇಹದಲ್ಲಿರುವ ಪ್ಲಾಸ್ಮಾ, ಎಂದರೆ ರಕ್ತಕಣಗಳನ್ನು ಬಿಟ್ಟು ಉಳಿದ ರಕ್ತದ್ರವ, ಸುಮಾರು 3 ಲೀಟರು ಮಾತ್ರ. ಆದುದರಿಂದ ಅಷ್ಟೂ ದ್ರವವು ದಿನವೊಂದಕ್ಕೆ ಸುಮಾರು 60 ಬಾರಿ ಸೋಸಲ್ಪಟ್ಟಂತಾಯಿತು. ಮೂತ್ರವಾಗಿ ಹೊರಬೀಳುವುದು ಮಾತ್ರ ಒಂದೂವರೆ ಲೀಟರಿನಷ್ಟು. ರಕ್ತದ ಹರಿವು ಸಮೃದ್ಧವಾಗಿರದಿದ್ದರೆ ಈ ಕಾರ್ಯ ನಡೆಯಲಾರದು.

ಅಳತೆಯ ಪ್ರಯತ್ನಗಳು

ಇಟಲಿಯ ಮಾಲ್ಪೀಗಿ 1666ರಲ್ಲಿಯೇ ಸೂಕ್ಷ್ಮದರ್ಶಕದ ನೆರವಿನಿಂದ ಈ ಗೊಂಚಲುಗಳನ್ನು ಕಂಡಿದ್ದನು. ಇಂಗ್ಲೆಂಡಿನ ವಿಲಿಯಂ ಬೋಮನ್ 1842ರಲ್ಲಿ ಗೊಂಚಲು ಮತ್ತು ನಳಿಕೆಗಳ ಸಂಬಂಧವನ್ನು ವಿವರಿಸಿದನು. ಗೊಂಚಲಿನಲ್ಲಿ ರಕ್ತದ ಒತ್ತಡದಿಂದಲೇ ದ್ರವವು ಸೋಸುತ್ತದೆಂದು ಜರ್ಮನಿಯ ಕಾರ್ಲ್ ಲುಡ್ವಿಗ್ ಅದೇ ದಶಕದಲ್ಲಿ ವಾದಿಸಿದನು. ಅಮೆರಿಕದ ರಿಚರ್ಡ್ಸ್ ಮತ್ತು ವೇರ್ನ್ ಎಂಬ ವಿಜ್ಞಾನಿಗಳು ಕಪ್ಪೆಯ ಒಂದೇ ಒಂದು ಗೊಂಚಲಿನ ಬಟ್ಟಲಿಗೆ ಕೂದಲಿಗಿಂತಲೂ ಸಣ್ಣದಾದ ಗಾಜಿನ ನಳಿಕೆಯನ್ನು ಚುಚ್ಚಿ, ಸೋಸಿದ ದ್ರವವನ್ನು ಹೊರತೆಗೆದು ಪರೀಕ್ಷಿಸಿ, 1924ರಲ್ಲಿ ಆ ವಾದಕ್ಕೆ ಪುರಾವೆ ಒದಗಿಸಿದರು.

ಆದರೆ ಎಷ್ಟು ರಕ್ತ ಹರಿಯುತ್ತದೆ ಎಂಬ ಪ್ರಶ್ನೆ ಉಳಿದೇ ಇತ್ತು. ಜೀವಂತ ಮನುಷ್ಯನ ಹೊಟ್ಟೆಯನ್ನು ಸೀಳಿ, ಅಪಧಮನಿಗೆ ಮಾಪಕವನ್ನು ಜೋಡಿಸಲು ಸಾಧ್ಯವಿಲ್ಲ. ಹಾಗೆ ಮಾಡಿದರೂ ಶಸ್ತ್ರಚಿಕಿತ್ಸೆಯ ಆಘಾತದಿಂದಲೇ ಹರಿವು ಬದಲಾಗುತ್ತದೆ. ಅಂಗವನ್ನು ಮುಟ್ಟದೆ ಹರಿವನ್ನು ಅಳೆಯುವ ಉಪಾಯ ಬೇಕಾಗಿತ್ತು. ಅದರ ಮೂಲತತ್ತ್ವವನ್ನು ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲಿಯೇ ಹೇಳಿದ್ದನು: ಒಂದು ಅಂಗವು ನಿಮಿಷಕ್ಕೆ ರಕ್ತದಿಂದ ತೆಗೆದುಕೊಂಡ ಒಂದು ವಸ್ತುವಿನ ಪ್ರಮಾಣವೂ, ಪ್ರತಿ ಮಿ.ಲೀ. ರಕ್ತವು ಕಳೆದುಕೊಂಡ ಆ ವಸ್ತುವಿನ ಪ್ರಮಾಣವೂ ತಿಳಿದಿದ್ದರೆ, ಹರಿದ ರಕ್ತವೆಷ್ಟು ಎಂಬುದನ್ನು ಲೆಕ್ಕ ಹಾಕಬಹುದು.

ಇದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ರೈಲು ನಿಲ್ದಾಣದ ಹೊರಬಾಗಿಲಿನಲ್ಲಿ ಟಿಕೇಟು ಸಂಗ್ರಹಿಸುವವನು ನಿಂತಿದ್ದಾನೆ. ಹಳಿಗಳು ಅವನಿಗೆ ಕಾಣಿಸುವುದಿಲ್ಲ. ಪ್ರತಿಯೊಂದು ಡಬ್ಬಿಯಲ್ಲಿಯೂ ಕೆಂಪು ಟಿಕೇಟಿನ ಪ್ರಯಾಣಿಕರು ಇಬ್ಬರಿರುತ್ತಾರೆ ಮತ್ತು ಅವರೆಲ್ಲರೂ ಇದೇ ನಿಲ್ದಾಣದಲ್ಲಿ ಇಳಿಯುತ್ತಾರೆ ಎಂಬುದು ಅವನಿಗೆ ಗೊತ್ತು. ಒಂದು ಗಂಟೆಯಲ್ಲಿ ಅವನ ಕೈಗೆ 1200 ಕೆಂಪು ಟಿಕೇಟುಗಳು ಬಂದರೆ, ಆ ಅವಧಿಯಲ್ಲಿ 600 ಡಬ್ಬಿಗಳು ನಿಲ್ದಾಣವನ್ನು ಹಾದುಹೋದವೆಂದು ಹಳಿಯನ್ನು ನೋಡದೆಯೇ ಅವನು ಹೇಳಬಲ್ಲನು. ಮೂತ್ರಪಿಂಡದ ಹೊರಬಾಗಿಲು ಎಂದರೆ ಮೂತ್ರ. ರಕ್ತದಲ್ಲಿ ಸೇರಿಸಿದಾಗ, ಮೂತ್ರಪಿಂಡವನ್ನು ಒಮ್ಮೆ ಹಾಯುವಷ್ಟರಲ್ಲಿಯೇ ಪೂರ್ಣವಾಗಿ ಮೂತ್ರಕ್ಕೆ ಇಳಿದುಬಿಡುವ, ದೇಹಕ್ಕೆ ಹಾನಿಯನ್ನುಂಟುಮಾಡದ ವಸ್ತುವೊಂದು ದೊರೆತರೆ ಸಮಸ್ಯೆ ಬಗೆಹರಿದಂತೆ.

1929ರಲ್ಲಿ ಅಮೆರಿಕದ ವ್ಯಾನ್ ಸ್ಲೈಕ್ ಮತ್ತು ಅವನ ಸಹೋದ್ಯೋಗಿಗಳು ಯೂರಿಯಾವನ್ನು ಕುರಿತು 'ಕ್ಲಿಯರೆನ್ಸ್' ಎಂಬ ಕಲ್ಪನೆಯನ್ನು ಮುಂದಿಟ್ಟರು. ಒಂದು ನಿಮಿಷದಲ್ಲಿ ಎಷ್ಟು ಮಿ.ಲೀ. ಪ್ಲಾಸ್ಮಾ ಆ ವಸ್ತುವಿನಿಂದ ಸಂಪೂರ್ಣವಾಗಿ ಮುಕ್ತವಾಯಿತು ಎಂಬುದೇ ಅದರ ಕ್ಲಿಯರೆನ್ಸ್. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಹೋಮರ್ ಸ್ಮಿತ್ ಈ ಕಲ್ಪನೆಯನ್ನು 1930 ಮತ್ತು 1940ರ ದಶಕಗಳಲ್ಲಿ ಸಮರ್ಪಕವಾದ ಅಳತೆಗೋಲಾಗಿ ಬೆಳೆಸಿದನು. ಅವನ ತಂಡ ಬಳಸಿದ ವಸ್ತುಗಳಲ್ಲಿ ಎರಡು ಮುಖ್ಯವಾದವು.

ಮೊದಲನೆಯದು ಇನ್ಯುಲಿನ್. ಡೇರೆ ಹೂವಿನ ಗಿಡದ ಗೆಡ್ಡೆಯಲ್ಲಿಯೂ ಚಿಕೋರಿ ಬೇರಿನಲ್ಲಿಯೂ ದೊರೆಯುವ ಒಂದು ಬಗೆಯ ಪಿಷ್ಟದಂತಹ ವಸ್ತು ಇದು. (ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್‌ಗೂ ಇದಕ್ಕೂ ಸಂಬಂಧವಿಲ್ಲ.) ಇದು ಗೊಂಚಲಿನಲ್ಲಿ ಸೋಸಿ ಇಳಿಯುತ್ತದೆ. ನಳಿಕೆಯು ಇದನ್ನು ಹಿಂದಕ್ಕೆ ಹೀರುವುದೂ ಇಲ್ಲ, ಹೊಸದಾಗಿ ಸೇರಿಸುವುದೂ ಇಲ್ಲ. ಆದುದರಿಂದ ಇನ್ಯುಲಿನ್‌ನ ಕ್ಲಿಯರೆನ್ಸ್ ಎಂದರೆ ಗೊಂಚಲುಗಳ ಒಟ್ಟು ಶೋಧನೆಯ ಪ್ರಮಾಣ.

ಎರಡನೆಯದು ಪ್ಯಾರಾ-ಅಮಿನೊಹಿಪ್ಪ್ಯುರಿಕ್ ಆಮ್ಲ, ಸಂಕ್ಷೇಪವಾಗಿ ಪಿ.ಎ.ಎಚ್. ಇದು ಗೊಂಚಲಿನಲ್ಲಿ ಸೋಸುವುದಲ್ಲದೆ, ಎರಡನೆಯ ಲೋಮನಾಳ ಜಾಲದಲ್ಲಿ ಉಳಿದಿರುವ ಭಾಗವನ್ನೂ ನಳಿಕೆಯ ಜೀವಕೋಶಗಳು ಸೆಳೆದು ಮೂತ್ರಕ್ಕೆ ಸೇರಿಸಿಬಿಡುತ್ತವೆ. ನಮ್ಮ ಉದಾಹರಣೆಯ ಕೆಂಪು ಟಿಕೇಟು ಇದೇ. ಪ್ಲಾಸ್ಮಾದಲ್ಲಿ ಪ್ರತಿ ಮಿ.ಲೀ.ಗೆ 0.02 ಮಿ.ಗ್ರಾಂ ಪಿ.ಎ.ಎಚ್. ಇದ್ದು, ಮೂತ್ರದಲ್ಲಿ ನಿಮಿಷಕ್ಕೆ 12 ಮಿ.ಗ್ರಾಂ ಹೊರಬೀಳುತ್ತಿದೆ ಎನ್ನೋಣ. 12ನ್ನು 0.02ರಿಂದ ಭಾಗಿಸಿದರೆ 600. ಎಂದರೆ ನಿಮಿಷಕ್ಕೆ 600 ಮಿ.ಲೀ. ಪ್ಲಾಸ್ಮಾ ಹರಿದಿದೆ. ವಾಸ್ತವವಾಗಿ ಸುಮಾರು ಶೇಕಡ 10ರಷ್ಟು ಪಿ.ಎ.ಎಚ್. ತಪ್ಪಿಸಿಕೊಂಡು ಹೋಗುತ್ತದೆ, ಕೆಲವು ಪ್ರಯಾಣಿಕರು ಇಳಿಯದೆ ಮುಂದೆ ಹೋದಂತೆ. ಅದನ್ನು ಸರಿಪಡಿಸಿದರೆ ಪ್ಲಾಸ್ಮಾದ ಹರಿವು ಸುಮಾರು 660 ಮಿ.ಲೀ. ಆಗುತ್ತದೆ. ರಕ್ತದಲ್ಲಿ ಪ್ಲಾಸ್ಮಾದ ಪಾಲು ಶೇಕಡ 55 ಎಂದಿಟ್ಟುಕೊಂಡರೆ, ರಕ್ತದ ಹರಿವು ನಿಮಿಷಕ್ಕೆ ಸುಮಾರು 1200 ಮಿ.ಲೀ. ಈ ಲೇಖನದ ಮೊದಲಲ್ಲಿ ಹೇಳಿದ ಅಂಕಿಯು ದೊರೆತದ್ದು ಹೀಗೆ.

ಶೋಧನೆಯ ಪ್ರಮಾಣವನ್ನು ಪ್ಲಾಸ್ಮಾದ ಹರಿವಿನಿಂದ ಭಾಗಿಸಿದರೆ ಸುಮಾರು ಐದನೆಯ ಒಂದು ಭಾಗ ಬರುತ್ತದೆ. ಎಂದರೆ ಗೊಂಚಲಿಗೆ ಬಂದ ಪ್ಲಾಸ್ಮಾದಲ್ಲಿ ಐದರಲ್ಲಿ ಒಂದು ಪಾಲು ಸೋಸಿ ಇಳಿಯುತ್ತದೆ. ನಾಲ್ಕು ಪಾಲು ಮುಂದೆ ಸಾಗುತ್ತದೆ. ಹರಿವು ಬೇರೆ, ಶೋಧನೆ ಬೇರೆ ಎಂಬುದನ್ನು ಈ ಭಿನ್ನರಾಶಿ ಸ್ಪಷ್ಟಪಡಿಸುತ್ತದೆ. ಹರಿವು ಸ್ವಲ್ಪ ಕುಗ್ಗಿದರೂ ಹಿಂದಿನ ತೂಬನ್ನು ಬಿಗಿಗೊಳಿಸಿ, ಶೋಧನೆಯನ್ನು ಮೊದಲಿನ ಮಟ್ಟದಲ್ಲಿಯೇ ಉಳಿಸಿಕೊಳ್ಳುವ ಶಕ್ತಿ ಮೂತ್ರಪಿಂಡಕ್ಕೆ ಇದೆ. ಅಪಾಯವು ಮರೆಯಾಗಿ ಉಳಿಯುವುದಕ್ಕೆ ಇದೂ ಒಂದು ಕಾರಣ.

ತನ್ನನ್ನು ತಾನೇ ಕಾಯುವ ವ್ಯವಸ್ಥೆ

ನಾವು ಮಲಗಿದಾಗ, ಓಡಿದಾಗ, ಕೋಪಗೊಂಡಾಗ ರಕ್ತದೊತ್ತಡ ಬದಲಾಗುತ್ತಲೇ ಇರುತ್ತದೆ. ಆದರೆ ಸರಾಸರಿ ಒತ್ತಡವು ಪಾದರಸದ ಸುಮಾರು 80ರಿಂದ 170 ಮಿ.ಮೀ.ವರೆಗೆ ಏರಿಳಿದರೂ ಮೂತ್ರಪಿಂಡದ ರಕ್ತಪ್ರವಾಹ ಹೆಚ್ಚು ಬದಲಾಗುವುದಿಲ್ಲ. ಒತ್ತಡ ಹೆಚ್ಚಿದಾಗ ಮುಂದಿನ ಕಿರುಧಮನಿಯ ಸ್ನಾಯು ತಾನಾಗಿಯೇ ಬಿಗಿಯಾಗುತ್ತದೆ, ಕಡಿಮೆಯಾದಾಗ ಸಡಿಲವಾಗುತ್ತದೆ. ಇದಲ್ಲದೆ ಪ್ರತಿಯೊಂದು ನಳಿಕೆಯೂ ಹಿಂದಿರುಗಿ ಬಂದು ತನ್ನ ಗೊಂಚಲನ್ನೇ ಒಂದು ಕಡೆ ಮುಟ್ಟುತ್ತದೆ. ಅಲ್ಲಿರುವ ವಿಶೇಷ ಜೀವಕೋಶಗಳು ನಳಿಕೆಯಲ್ಲಿ ಸಾಗುತ್ತಿರುವ ಉಪ್ಪಿನ ಪ್ರಮಾಣವನ್ನು ಗಮನಿಸಿ, ಹೆಚ್ಚಾಗಿದ್ದರೆ ಒಳಬರುವ ರಕ್ತವನ್ನು ತಗ್ಗಿಸುವಂತೆ ಸಂಕೇತ ನೀಡುತ್ತವೆ.

ಹರಿವು ಕಡಿಮೆಯಾದಾಗ ಮೂತ್ರಪಿಂಡವು ರೆನಿನ್ ಎಂಬ ವಸ್ತುವನ್ನು ರಕ್ತಕ್ಕೆ ಬಿಡುಗಡೆ ಮಾಡುತ್ತದೆ. ಇದನ್ನು ಸ್ಟಾಕ್‌ಹೋಮಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ 1898ರಲ್ಲಿ ಕಂಡುಹಿಡಿದರು. ರೆನಿನ್‌ನಿಂದ ಆಂಜಿಯೊಟೆನ್ಸಿನ್ ಉಂಟಾಗಿ, ಅದು ದೇಹದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಮೂತ್ರಪಿಂಡದ ಹಿಂದಿನ ತೂಬನ್ನು ವಿಶೇಷವಾಗಿ ಬಿಗಿಗೊಳಿಸುತ್ತದೆ ಮತ್ತು ಉಪ್ಪು ಹಾಗೂ ನೀರನ್ನು ದೇಹದಲ್ಲಿಯೇ ಉಳಿಸುತ್ತದೆ. ಇದೇ ವೇಳೆ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ಮುಂದಿನ ತೂಬನ್ನು ತೆರೆದಿಡುತ್ತವೆ. ಈ ಎರಡರ ಸಹಕಾರದಿಂದ ಕಷ್ಟಕಾಲದಲ್ಲಿಯೂ ಶೋಧನೆ ನಡೆಯುತ್ತದೆ.

ಈ ರಕ್ಷಣೆಯೇ ಕೆಲವೊಮ್ಮೆ ರೋಗಕ್ಕೆ ಕಾರಣವಾಗುತ್ತದೆ. ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಮೂತ್ರಪಿಂಡದ ಅಪಧಮನಿಯನ್ನು ಒಂದು ಹಿಡಿಕೆಯಿಂದ ಭಾಗಶಃ ಅದುಮಿದಾಗ ಇಡೀ ದೇಹದ ರಕ್ತದೊತ್ತಡ ಏರಿದುದನ್ನು 1934ರಲ್ಲಿ ವರದಿ ಮಾಡಿದನು. ತನ್ನ ಬಾಗಿಲಲ್ಲಿಯೇ ಇರುವ ಅಡಚಣೆಯನ್ನು ಅರಿಯದ ಮೂತ್ರಪಿಂಡವು ದೇಹದ ಒತ್ತಡವೇ ಕುಸಿದಿದೆ ಎಂಬಂತೆ ರೆನಿನ್ ಸುರಿಸುತ್ತದೆ. ಮನುಷ್ಯರಲ್ಲಿಯೂ ಈ ಅಪಧಮನಿ ಕಿರಿದಾದರೆ ಹೀಗೆಯೇ ಆಗುತ್ತದೆ. ವಯಸ್ಸಾದವರಲ್ಲಿ ಕೊಬ್ಬು ಶೇಖರವಾಗುವುದು ಇದಕ್ಕೆ ಸಾಮಾನ್ಯ ಕಾರಣ. ನಮ್ಮ ದೇಶದ ಯುವಜನರಲ್ಲಿ, ಅದರಲ್ಲಿಯೂ ಯುವತಿಯರಲ್ಲಿ, ತಕಾಯಾಸು ರೋಗವೆಂಬ ಅಪಧಮನಿಗಳ ಉರಿಯೂತವು ಇದರ ಒಂದು ಮುಖ್ಯ ಕಾರಣವಾಗಿದೆ. ಚಿಕ್ಕ ವಯಸ್ಸಿನಲ್ಲಿಯೇ ತೀವ್ರ ರಕ್ತದೊತ್ತಡ ಕಂಡುಬಂದರೆ ವೈದ್ಯರು ಮೂತ್ರಪಿಂಡದ ಅಪಧಮನಿಗಳನ್ನು ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ಇಂದಿನ ಪರೀಕ್ಷೆಗಳು

ಪಿ.ಎ.ಎಚ್. ಪರೀಕ್ಷೆಗೆ ಅಭಿಧಮನಿಯ ಮೂಲಕ ಔಷಧಿಯನ್ನು ಸತತವಾಗಿ ಹರಿಸಿ, ಗಂಟೆಗಟ್ಟಲೆ ರಕ್ತ ಮತ್ತು ಮೂತ್ರವನ್ನು ಸಂಗ್ರಹಿಸಬೇಕು. ಆದುದರಿಂದ ಅದು ಸಂಶೋಧನೆಗೆ ಮೀಸಲಾಗಿದೆ. ಆಸ್ಪತ್ರೆಗಳಲ್ಲಿ ಬೇರೆ ವಿಧಾನಗಳಿವೆ.

ಎಲ್ಲಕ್ಕಿಂತ ಸಾಮಾನ್ಯವಾದುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆ. ಸ್ನಾಯುಗಳಲ್ಲಿ ಹುಟ್ಟುವ ಈ ಕಶ್ಮಲವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಇದರ ಪ್ರಮಾಣ, ವಯಸ್ಸು ಮತ್ತು ಲಿಂಗಗಳನ್ನು ಸೂತ್ರವೊಂದರಲ್ಲಿ ಸೇರಿಸಿ ಶೋಧನೆಯ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. ವರದಿಯಲ್ಲಿ 'ಇ-ಜಿ.ಎಫ್.ಆರ್.' ಎಂದು ಬರೆದಿರುವುದು ಇದನ್ನೇ. ಇದು 60ಕ್ಕಿಂತ ಕೆಳಗೆ ಮೂರು ತಿಂಗಳು ಅಥವಾ ಹೆಚ್ಚು ಕಾಲ ಉಳಿದರೆ ದೀರ್ಘಕಾಲದ ಮೂತ್ರಪಿಂಡ ರೋಗವೆಂದು ಪರಿಗಣಿಸಲಾಗುತ್ತದೆ. ಇದು ಶೋಧನೆಯ ಅಂದಾಜೇ ಹೊರತು ರಕ್ತದ ಹರಿವಿನ ಅಳತೆಯಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಎರಡನೆಯದು ಡಾಪ್ಲರ್ ಪರೀಕ್ಷೆ. ನಿಲ್ದಾಣವನ್ನು ಸಮೀಪಿಸುವ ರೈಲಿನ ಸಿಳ್ಳಿನ ಸ್ವರ ಏರಿದಂತೆಯೂ, ದೂರ ಸರಿಯುವಾಗ ಇಳಿದಂತೆಯೂ ಕೇಳಿಸುವುದು ನಮ್ಮೆಲ್ಲರ ಅನುಭವ. ಈ ಪರಿಣಾಮವನ್ನು ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದನು. ಹರಿಯುವ ರಕ್ತಕಣಗಳಿಗೆ ತಾಗಿ ಹಿಂದಿರುಗುವ ಶ್ರವಣಾತೀತ ಧ್ವನಿಯಲ್ಲಿಯೂ ಇಂತಹುದೇ ಬದಲಾವಣೆ ಆಗುವುದರಿಂದ ರಕ್ತದ ವೇಗವನ್ನು ತಿಳಿಯಬಹುದು. ಹೃದಯ ಬಡಿದಾಗಿನ ಗರಿಷ್ಠ ವೇಗ ಸೆಕೆಂಡಿಗೆ 50 ಸೆಂ.ಮೀ., ಎರಡು ಬಡಿತಗಳ ನಡುವಿನ ವಿರಾಮದ ಕೊನೆಯಲ್ಲಿ 20 ಸೆಂ.ಮೀ. ಇದ್ದರೆ, ಇವುಗಳ ಅಂತರವಾದ 30ನ್ನು 50ರಿಂದ ಭಾಗಿಸಿ 0.6 ಎಂಬ ಪ್ರತಿರೋಧ ಸೂಚ್ಯಂಕವನ್ನು ಪಡೆಯುತ್ತಾರೆ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 0.7ಕ್ಕಿಂತ ಕಡಿಮೆ ಇರುತ್ತದೆ. ಒಳಗಿನ ಸಣ್ಣ ರಕ್ತನಾಳಗಳಲ್ಲಿ ಪ್ರತಿರೋಧ ಹೆಚ್ಚಾದಾಗ ವಿರಾಮದ ಹರಿವು ಕುಗ್ಗಿ, ಸೂಚ್ಯಂಕ ಏರುತ್ತದೆ. ಈ ಪರೀಕ್ಷೆಯಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ. ಬದಲಿ ಮೂತ್ರಪಿಂಡವನ್ನು ಜೋಡಿಸಿದ ರೋಗಿಗಳಲ್ಲಿ ಹೊಸ ಅಂಗಕ್ಕೆ ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ನೋಡುವುದಕ್ಕೂ ಇದನ್ನು ಬಳಸುತ್ತಾರೆ.

ಮೂರನೆಯದು ವಿಕಿರಣಶೀಲ ವಸ್ತುವಿನ ನೆರವಿನಿಂದ ಮಾಡುವ ರೆನೊಗ್ರಾಂ. ಟೆಕ್ನೀಷಿಯಂ-99ಎಂ ಎಂಬ, 6 ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುವ ವಿಕಿರಣಶೀಲ ವಸ್ತುವನ್ನು ಒಂದು ರಾಸಾಯನಿಕಕ್ಕೆ ಜೋಡಿಸಿ, ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಕೊಡುತ್ತಾರೆ. ಗಾಮಾ ಕ್ಯಾಮೆರಾ ಅದು ಎರಡು ಮೂತ್ರಪಿಂಡಗಳಿಗೆ ಬಂದು ಸೇರುವುದನ್ನೂ ಹೊರಹೋಗುವುದನ್ನೂ ದಾಖಲಿಸುತ್ತದೆ. ಡಿ.ಟಿ.ಪಿ.ಎ. ಎಂಬ ರಾಸಾಯನಿಕವು ಇನ್ಯುಲಿನ್‌ನಂತೆ ಸೋಸಿ ಇಳಿಯುತ್ತದೆ, ಇ.ಸಿ. ಮತ್ತು ಮ್ಯಾಗ್-3 ಎಂಬವು ಪಿ.ಎ.ಎಚ್.ನಂತೆ ಬಹುಮಟ್ಟಿಗೆ ನಳಿಕೆಗಳ ಮೂಲಕ ಸೇರುತ್ತವೆ. ಹೋಮರ್ ಸ್ಮಿತ್‌ನ ತತ್ತ್ವ ಇಲ್ಲಿಯೂ ಉಳಿದಿದೆ. ಎಡ ಮತ್ತು ಬಲ ಮೂತ್ರಪಿಂಡಗಳ ಪಾಲನ್ನು ಬೇರೆ ಬೇರೆಯಾಗಿ ತಿಳಿಯಬಹುದಾದುದು ಇದರ ಹೆಚ್ಚುಗಾರಿಕೆ. ನಮ್ಮ ದೇಶದಲ್ಲಿ ಈ ವಿದ್ಯೆಗೆ ದೀರ್ಘ ಇತಿಹಾಸವಿದೆ. ಅಣುಶಕ್ತಿ ಇಲಾಖೆಯ ವಿಕಿರಣ ವೈದ್ಯ ಕೇಂದ್ರವು ಮುಂಬಯಿಯಲ್ಲಿ 1963ರಲ್ಲಿ ಆರಂಭವಾಯಿತು. ಅದೇ ಇಲಾಖೆಗೆ ಸೇರಿದ, ನವಿ ಮುಂಬಯಿಯ ವಾಶಿಯಲ್ಲಿರುವ ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿಯು ಇಂತಹ ಪರೀಕ್ಷೆಗಳಿಗೆ ಬೇಕಾದ ಔಷಧ ಸಾಮಗ್ರಿಗಳನ್ನು ಆಸ್ಪತ್ರೆಗಳಿಗೆ ಒದಗಿಸುತ್ತದೆ.

ಅಪಧಮನಿ ಎಲ್ಲಿ ಕಿರಿದಾಗಿದೆ ಎಂಬುದನ್ನು ಸಿ.ಟಿ. ಅಥವಾ ಎಂ.ಆರ್. ಆಂಜಿಯೊಗ್ರಫಿಯಿಂದ ನೋಡಬಹುದು. ಇವುಗಳಲ್ಲಿ ಬಳಸುವ ಬಣ್ಣದ್ರವ್ಯಗಳ ವಿಷಯದಲ್ಲಿ, ಮೂತ್ರಪಿಂಡಗಳು ಮೊದಲೇ ದುರ್ಬಲವಾಗಿರುವವರಿಗೆ ಎಚ್ಚರಿಕೆ ಬೇಕು. ಹೊರಗಿನ ದ್ರವ್ಯವಿಲ್ಲದೆ, ರಕ್ತದಲ್ಲಿರುವ ನೀರನ್ನೇ ಕಾಂತಶಕ್ತಿಯಿಂದ ಗುರುತುಮಾಡಿ ಹರಿವನ್ನು ಅಳೆಯುವ ಎಂ.ಆರ್.ಐ. ವಿಧಾನವೂ ಬಂದಿದೆ. ಸದ್ಯಕ್ಕೆ ಅದರ ಬಳಕೆ ಮುಖ್ಯವಾಗಿ ಸಂಶೋಧನೆಯಲ್ಲಿ.

ಅಂಕಿಗಳನ್ನು ಅರ್ಥಮಾಡಿಕೊಳ್ಳುವುದು

ವರದಿಯಲ್ಲಿ 'ಸಾಮಾನ್ಯ' ಎಂದಿರುವ ಅಂಕಿ ಎಲ್ಲರಿಗೂ ಸಾಮಾನ್ಯವಲ್ಲ. ಕ್ರಿಯಾಟಿನಿನ್ ಎರಡರಷ್ಟಾದರೆ ಶೋಧನೆ ಸ್ಥೂಲವಾಗಿ ಅರ್ಧಕ್ಕೆ ಇಳಿದಿದೆ ಎಂದು ಅರ್ಥ. ಒಬ್ಬರಲ್ಲಿ 0.6 ಇದ್ದುದು 1.2 ಆದರೆ, ಅಂಕಿ ಸಾಮಾನ್ಯ ಮಿತಿಯ ಆಸುಪಾಸಿನಲ್ಲಿಯೇ ಇದ್ದರೂ ನಷ್ಟ ದೊಡ್ಡದು. ಕೃಶಕಾಯದ ವೃದ್ಧರಲ್ಲಿ ಸ್ನಾಯು ಕಡಿಮೆ ಇರುವುದರಿಂದ ಕ್ರಿಯಾಟಿನಿನ್ ಕಡಿಮೆಯಾಗಿಯೇ ಕಾಣಿಸುತ್ತದೆ. ಗರ್ಭಿಣಿಯರಲ್ಲಿ ಮೂತ್ರಪಿಂಡದ ರಕ್ತಪ್ರವಾಹ ಅರ್ಧದಷ್ಟು ಅಥವಾ ಇನ್ನೂ ಹೆಚ್ಚಾಗಿ ಏರಿ, ಕ್ರಿಯಾಟಿನಿನ್ ಇಳಿಯುತ್ತದೆ. ಆದುದರಿಂದ ಉಳಿದವರಿಗೆ ಸಾಮಾನ್ಯವಾದ 1.0 ಎಂಬ ಅಂಕಿ ಗರ್ಭಿಣಿಗೆ ಎಚ್ಚರಿಕೆಯ ಸೂಚನೆ ಆಗಬಹುದು. ಒಂದು ಮೂತ್ರಪಿಂಡವನ್ನು ದಾನಮಾಡಿದವರಲ್ಲಿ ಉಳಿದುದರ ರಕ್ತಪ್ರವಾಹ ಹೆಚ್ಚಿ, ಹಿಂದೆ ಎರಡೂ ಸೇರಿ ಮಾಡುತ್ತಿದ್ದ ಕೆಲಸದ ಸುಮಾರು ಮೂರನೆಯ ಎರಡು ಭಾಗವನ್ನು ಅದೊಂದೇ ನಿರ್ವಹಿಸುತ್ತದೆ. ಹೀಗಾಗಿ ಒಂದು ಅಂಕಿಗಿಂತ ಅದೇ ವ್ಯಕ್ತಿಯ ಹಿಂದಿನ ಅಂಕಿಗಳೊಡನೆ ಹೋಲಿಕೆ ಹೆಚ್ಚು ಉಪಯುಕ್ತ. ಹಳೆಯ ವರದಿಗಳನ್ನು ಎಸೆಯದೆ ಜೋಪಾನವಾಗಿ ಇಟ್ಟುಕೊಳ್ಳುವುದು ಇದಕ್ಕಾಗಿಯೇ ಅಗತ್ಯ.

ಹರಿವು ಕುಗ್ಗಿದಾಗ

ತೀವ್ರವಾದ ವಾಂತಿಭೇದಿ, ರಕ್ತಸ್ರಾವ, ಬಿಸಿಲಿನಲ್ಲಿ ದುಡಿದು ಬೆವರಿನಿಂದಾದ ನಿರ್ಜಲತೆ, ಸೋಂಕಿನಿಂದ ರಕ್ತದೊತ್ತಡ ಕುಸಿಯುವುದು ಇಂತಹ ಸಂದರ್ಭಗಳಲ್ಲಿ ದೇಹವು ಹೃದಯ ಮತ್ತು ಮಿದುಳುಗಳನ್ನು ಮೊದಲು ಕಾಯ್ದುಕೊಳ್ಳುತ್ತದೆ. ಚರ್ಮ, ಕರುಳು ಮತ್ತು ಮೂತ್ರಪಿಂಡಗಳ ಪಾಲು ಕಡಿತವಾಗುತ್ತದೆ. ಮೂತ್ರದ ಪ್ರಮಾಣ ಇಳಿದು, ಬಣ್ಣ ಗಾಢವಾಗುತ್ತದೆ. ಈ ಹಂತದಲ್ಲಿ ಮೂತ್ರಪಿಂಡದ ಜೀವಕೋಶಗಳು ಇನ್ನೂ ಕೆಟ್ಟಿರುವುದಿಲ್ಲ. ದ್ರವವನ್ನು ಮರುಪೂರಣ ಮಾಡಿದರೆ ಸಾಮಾನ್ಯವಾಗಿ ಅವು ಮೊದಲಿನಂತಾಗುತ್ತವೆ. ತಡಮಾಡಿದರೆ ಒಳಭಾಗದ ನಳಿಕೆಗಳು ಸಾಯತೊಡಗುತ್ತವೆ. ಮೂತ್ರಪಿಂಡಕ್ಕೆ ಬರುವ ರಕ್ತದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಪದರಕ್ಕೇ ಹೋಗುವುದರಿಂದ, ಒಳಭಾಗವು ಮೊದಲಿನಿಂದಲೂ ಅಲ್ಪ ಆಮ್ಲಜನಕದಲ್ಲಿಯೇ ದಿನ ಕಳೆಯುತ್ತಿರುತ್ತದೆ.

1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಸಕ್ಕರೆ ಮತ್ತು ಲವಣಗಳ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು. ಇಂದು ಓ.ಆರ್.ಎಸ್. ಎಂದು ಪ್ರಸಿದ್ಧವಾಗಿರುವ ಈ ದ್ರಾವಣವು ರಕ್ತದ ಪರಿಮಾಣವನ್ನು ಉಳಿಸುತ್ತದೆ. ಹಾಗೆ ಉಳಿಸುವ ಮೂಲಕ ಮೂತ್ರಪಿಂಡಗಳ ಪಾಲನ್ನೂ ಉಳಿಸುತ್ತದೆ.

ಇಲ್ಲಿಯೇ ನೋವಿನ ಮಾತ್ರೆಗಳ ಪ್ರಶ್ನೆ ಬರುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮುಂತಾದ ಔಷಧಿಗಳು ಪ್ರೊಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನು ತಡೆಯುತ್ತವೆ. ಆರೋಗ್ಯವಂತನಿಗೆ ಇದರಿಂದ ಕೂಡಲೆ ತೊಂದರೆ ಕಾಣದಿರಬಹುದು. ಆದರೆ ನಿರ್ಜಲತೆಯುಂಟಾದಾಗ ಮುಂದಿನ ತೂಬನ್ನು ತೆರೆದಿಟ್ಟಿರುವುದು ಅವೇ. ಅಂತಹ ಸಮಯದಲ್ಲಿ ಮಾತ್ರೆ ನುಂಗಿದರೆ ತೂಬು ಮುಚ್ಚಿಕೊಳ್ಳುತ್ತದೆ. ರಕ್ತದೊತ್ತಡಕ್ಕಾಗಿ ಕೊಡುವ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಮುಂತಾದವು ಆಂಜಿಯೊಟೆನ್ಸಿನ್‌ನ ಪ್ರಭಾವವನ್ನು ತಗ್ಗಿಸಿ ಹಿಂದಿನ ತೂಬನ್ನು ಸಡಿಲಗೊಳಿಸುತ್ತವೆ. ಗೊಂಚಲಿನ ಮೇಲಿನ ಒತ್ತಡವನ್ನು ಇಳಿಸುವುದರಿಂದ ಇವು ದೀರ್ಘಕಾಲದಲ್ಲಿ ಮೂತ್ರಪಿಂಡಗಳಿಗೆ, ವಿಶೇಷವಾಗಿ ಮಧುಮೇಹಿಗಳಿಗೆ, ರಕ್ಷಣೆ ನೀಡುವ ಉತ್ತಮ ಔಷಧಿಗಳು. ಆದರೆ ವಾಂತಿಭೇದಿಯ ದಿನಗಳಲ್ಲಿ ಇವುಗಳೊಡನೆ ಮೂತ್ರ ಹೆಚ್ಚಿಸುವ ಮಾತ್ರೆ ಮತ್ತು ನೋವಿನ ಮಾತ್ರೆ ಸೇರಿದರೆ, ಎರಡು ತೂಬುಗಳ ರಕ್ಷಣೆಯೂ ಏಕಕಾಲದಲ್ಲಿ ತಪ್ಪಿಹೋಗುತ್ತದೆ.

ನಾವು ಮಾಡಬೇಕಾದುದೇನು?

ಮಧುಮೇಹ ಅಥವಾ ರಕ್ತದೊತ್ತಡ ಇರುವವರು ಅವುಗಳನ್ನು ಹತೋಟಿಯಲ್ಲಿಟ್ಟುಕೊಂಡು, ವರ್ಷಕ್ಕೊಮ್ಮೆಯಾದರೂ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ವಾಂತಿಭೇದಿಯಾದಾಗ ಮೊದಲಿನಿಂದಲೇ ಓ.ಆರ್.ಎಸ್. ಕುಡಿಯಬೇಕು. ಮೈಕೈ ನೋವಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವ ಅಭ್ಯಾಸವನ್ನು, ಅದರಲ್ಲಿಯೂ ಜ್ವರ, ಭೇದಿ ಮತ್ತು ಸುಡುಬಿಸಿಲಿನ ದಿನಗಳಲ್ಲಿ, ಬಿಡಬೇಕು. ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಅನಾರೋಗ್ಯದ ದಿನಗಳಲ್ಲಿ ಅವುಗಳನ್ನು ಹೇಗೆ ಸೇವಿಸಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಮೂತ್ರದ ಪ್ರಮಾಣ ಗಮನಾರ್ಹವಾಗಿ ಇಳಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಹೃದಯ ಅಥವಾ ಮೂತ್ರಪಿಂಡದ ರೋಗವಿರುವವರು ಎಷ್ಟು ನೀರು ಕುಡಿಯಬೇಕೆಂಬುದನ್ನು ವೈದ್ಯರಿಂದಲೇ ತಿಳಿಯಬೇಕು.

ಮೂತ್ರಪಿಂಡಗಳು ಪೂರ್ಣವಾಗಿ ವಿಫಲವಾದವರಿಗೆ ಡಯಾಲಿಸಿಸ್ ಯಂತ್ರವು ಆಸರೆಯಾಗಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡತನದ ರೇಖೆಗಿಂತ ಕೆಳಗಿರುವವರಿಗೆ ಈ ಸೇವೆಯನ್ನು ಉಚಿತವಾಗಿ ಒದಗಿಸುವ ವ್ಯವಸ್ಥೆ ಇದೆ. ಆದರೆ ಈ ಯಂತ್ರವು ನಿಮಿಷಕ್ಕೆ ಸಾಮಾನ್ಯವಾಗಿ 200ರಿಂದ 300 ಮಿ.ಲೀ. ರಕ್ತವನ್ನು, ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಬಾರಿ ಸುಮಾರು ನಾಲ್ಕು ಗಂಟೆಗಳ ಕಾಲ ಮಾತ್ರ ಶುದ್ಧಿಮಾಡುತ್ತದೆ. ನಮ್ಮ ಮೂತ್ರಪಿಂಡಗಳ ಮೂಲಕ ಹಗಲಿರುಳೆನ್ನದೆ ಹರಿಯುವ ರಕ್ತ ದಿನಕ್ಕೆ ಸುಮಾರು 1700 ಲೀಟರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಇರುವ ಹರಿವನ್ನು ಕಾಪಾಡಿಕೊಳ್ಳುವುದು ಎಷ್ಟು ಅಗತ್ಯವೆಂಬುದು ಮನದಟ್ಟಾಗುತ್ತದೆ.